8 ತಿಂಗಳು ನಿಂತಿದ್ದ ಎಟಿವಿ, ಕಾರ್ಬೊರೇಟರಿನಿಂದ ಪೆಟ್ರೋಲ್ ಸೋರುತ್ತಿದೆ. ನೀಡಲ್ ಬದಲಿಸಿದರೆ ಸಾಕಾ?

ಕೆಸರುಗಾಲಿ:

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟಿದೆ, ಅದಕ್ಕೇ ಬರೀತಿದ್ದೇನೆ.

ನನ್ನ ಹತ್ತಿರ ಒಂದು ಹಳೇ 125 ಸಿಸಿ ಎಟಿವಿ (ಮಣ್ಣುದಾರಿಯಲ್ಲಿ ಓಡಿಸೋ ನಾಲ್ಕು ಚಕ್ರದ ಗಾಡಿ) ಇದೆ. ಒಂದೇ ಸಿಲಿಂಡರ್, ಏರ್ ಕೂಲ್ಡ್, ಕಾರ್ಬೊರೇಟರ್ ಗಾಡಿ. ಸುಮಾರು 8 ತಿಂಗಳು ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದುಕೊಂಡು ನಿಂತಿತ್ತು. ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿದ್ದೆ, ಆದರೆ ಕಾರ್ಬೊರೇಟರ್ ಒಳಗಿನ ಪೆಟ್ರೋಲ್ ಖಾಲಿ ಮಾಡಲಿಲ್ಲ. ಮುಂದಿನ ವಾರ ಮತ್ತೆ ಓಡಿಸ್ತೀನಲ್ಲ, ಯಾಕೆ ಸುಮ್ನೆ ಕೈ ಕೊಳೆ ಮಾಡಿಕೊಳ್ಳೋದು ಅಂತ. ಆ ಮುಂದಿನ ವಾರ ಬರುವಷ್ಟರಲ್ಲಿ 8 ತಿಂಗಳಾಯಿತು.

ಮೊನ್ನೆ ಭಾನುವಾರ ಹೊರಗೆ ತಂದೆ. ಬ್ಯಾಟರಿ ಚಾರ್ಜ್ ಮಾಡಿದೆ. ಟ್ಯಾಂಕಿನಲ್ಲಿದ್ದ ಹಳೇ ಪೆಟ್ರೋಲ್ ಪೂರ್ತಿ ತೆಗೆದೆ. ಅದರ ವಾಸನೆ ಪೆಟ್ರೋಲಿನ ಹಾಗೇ ಇರಲಿಲ್ಲ, ಒಣಗಿದ ಪೇಂಟ್ ಡಬ್ಬಿಯ ಮುಚ್ಚಳ ತೆಗೆದ ಹಾಗಿತ್ತು. ಹೊಸ ಪೆಟ್ರೋಲ್ ಹಾಕಿ ಕಾಕ್ ತಿರುಗಿಸಿದೆ. ಒಂದು ನಿಮಿಷ ಆಗಿರಲಿಲ್ಲ, ಕೆಳಗಡೆ ತೊಟ್ಟಿಕ್ಕೋಕೆ ಶುರು. ಧಾರೆ ಅಲ್ಲ, ತೊಟ್ಟು. ಎರಡು ಸೆಕೆಂಡಿಗೆ ಒಂದು ಅಂದುಕೊಳ್ಳಿ. ತಕ್ಷಣ ಕಾಕ್ ಮುಚ್ಚಿದೆ. ಮುಚ್ಚಿದ ಮೇಲೂ ನಾಲ್ಕೈದು ನಿಮಿಷ ತೊಟ್ಟಿಕ್ಕುತ್ತಲೇ ಇತ್ತು, ಆಮೇಲೆ ತಾನಾಗಿ ನಿಂತಿತು. ಮತ್ತೆ ತೆರೆದರೆ ಮತ್ತೆ ಅದೇ ಕಥೆ.

ಸ್ಟಾರ್ಟ್ ಆಗುತ್ತದಾ ಅಂತ ಕೇಳಬೇಡಿ, ಕೆಳಗೆ ಪೆಟ್ರೋಲ್ ಬಿದ್ದಿರುವಾಗ ಕೀ ತಿರುಗಿಸುವಷ್ಟು ಧೈರ್ಯ ನನಗಿಲ್ಲ.

ನೆಟ್ಟಲ್ಲಿ ಹುಡುಕಿದರೆ ಎಲ್ಲರೂ ಹೇಳೋದು ಒಂದೇ, ಫ್ಲೋಟ್ ನೀಡಲ್ (ಕಾರ್ಬೊರೇಟರಿಗೆ ಬರೋ ಪೆಟ್ರೋಲ್ ತಡೆಯೋ ಸಣ್ಣ ಸೂಜಿ) ಹೋಗಿದೆ, ರಿಪೇರಿ ಕಿಟ್ ಹಾಕಿ ಅಂತ. ಹಾಕಬಹುದು, ಆದರೆ ಕಾರ್ಬೊರೇಟರ್ ನಾನು ಯಾವತ್ತೂ ಬಿಚ್ಚಿಲ್ಲ. ಸ್ಪಾರ್ಕ್ ಪ್ಲಗ್, ಆಯಿಲ್, ಚೈನು, ಬ್ರೇಕ್ ಶೂ ಇಷ್ಟು ನಾನೇ ಮಾಡ್ತೀನಿ. ಇದು ಮಾತ್ರ ಒಳಗೆ ಏನೇನೋ ಸಣ್ಣ ಸಣ್ಣ ಐಟಂ ಇರುತ್ತೆ ಅಂತ ಕೇಳಿ ಭಯ. ಬಿಚ್ಚಿದರೆ ಮತ್ತೆ ಜೋಡಿಸೋಕೆ ಆಗುತ್ತಾ? ಅಥವಾ ಬಿಚ್ಚದೇ ಏನಾದರೂ ದಾರಿ ಇದೆಯಾ?

ಅರೆಮೆಕ್ಯಾನಿಕ್:

ಬಿಚ್ಚೋ ಮುಂಚೆ ಒಂದು ಸಲ ತಟ್ಟಿ ನೋಡಿ ಗುರು. ತಮಾಷೆ ಅಲ್ಲ. ಕಾಕ್ ತೆರೆದು ಸ್ಕ್ರೂಡ್ರೈವರ್ ಹಿಡಿಯಿಂದ, ಅಂದ್ರೆ ಪ್ಲಾಸ್ಟಿಕ್ ಹಿಡಿಯಿಂದ, ಕಾರ್ಬೊರೇಟರಿನ ಕೆಳಗೆ ಪೆಟ್ರೋಲ್ ನಿಲ್ಲೋ ಬಟ್ಟಲಿಗೆ ಮೆಲ್ಲಗೆ ನಾಲ್ಕು ಏಟು. ತುಂಬಾ ದಿನ ನಿಂತ ಗಾಡಿಯಲ್ಲಿ ಫ್ಲೋಟ್ ಕಚ್ಚಿಕೊಂಡಿರುತ್ತೆ, ಇಲ್ಲಾಂದ್ರೆ ನೀಡಲ್ ಕೆಳಗೆ ಒಂದು ಕಸ ಕೂತಿರುತ್ತೆ. ತಟ್ಟಿದರೆ ಬಿಡುತ್ತೆ. ನನ್ನ ಗಾಡಿಯಲ್ಲಿ ಎರಡು ಸಲ ಹೀಗೇ ಸರಿ ಹೋಗಿದೆ, ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ.

ಆಗಲಿಲ್ಲ ಅಂದ್ರೆ ಕಿಟ್ ಹಾಕಿ. ಇದರಲ್ಲಿ ಜಾಸ್ತಿ ಯೋಚನೆ ಮಾಡೋ ವಿಷಯ ಏನಿಲ್ಲ.

ಹಳೇ ಸ್ಪ್ಯಾನರ್:

ಯೋಚನೆ ಮಾಡೋ ವಿಷಯ ಇದೆ ಸ್ವಾಮಿ. ತಟ್ಟಿ ಸರಿ ಮಾಡಿದ್ದು ಸರಿ ಹೋಗಿದ್ದಲ್ಲ. ಆ ಕಸ ಮತ್ತೆ ಬಂದು ಕೂರುತ್ತೆ, ಅದೂ ರಾತ್ರಿ ನೀವು ಮಲಗಿರುವಾಗ. ಆದರೂ ತಟ್ಟಿ ನೋಡಲಿ, ತಟ್ಟಿದಾಗ ಏನಾಯಿತು ಅನ್ನೋದು ಒಂದು ಸುಳಿವು. ನಿಂತರೆ ಕಸ ಅಥವಾ ಅಂಟು ಅಂತ ಗೊತ್ತಾಗುತ್ತೆ.

ಕೆಸರುಗಾಲಿಯವರೇ, ಮೊದಲು ಇದನ್ನು ಹೇಳಿ. ಸೋರುತ್ತಿರೋದು ಎಲ್ಲಿಂದ? "ಕೆಳಗಡೆ" ಅಂದರೆ ಸಾಲದು. ಕಾರ್ಬೊರೇಟರ್ ಹೊರಗೆಲ್ಲ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಬಟ್ಟಲಿನ ಸುತ್ತ ಟಿಶ್ಯೂ ಪೇಪರ್ ಸುತ್ತಿ. ಆಮೇಲೆ ಕಾಕ್ ತೆರೆದು ಟಾರ್ಚ್ ಹಿಡಿದು ಮೊದಲು ಒದ್ದೆ ಆಗೋ ಜಾಗ ನೋಡಿ. ಬಟ್ಟಲು ಮೇಲಿನ ಭಾಗಕ್ಕೆ ಸೇರುವ ಗೆರೆಯಲ್ಲಿ ಒದ್ದೆಯಾದರೆ ನಡುವಿನ ರಬ್ಬರ್ ಸೀಲ್, ಅಂದರೆ ಗ್ಯಾಸ್ಕೆಟ್ ಅಥವಾ ಓ ರಿಂಗ್, ಒಣಗಿ ಕುಗ್ಗಿದೆ. ಪೆಟ್ರೋಲ್ ಪೈಪ್ ಬಂದು ಸೇರುವ ಕಡೆ ಒದ್ದೆಯಾದರೆ ಪೈಪೇ ಬಿರುಕು ಬಿಟ್ಟಿದೆ ಅಥವಾ ಕ್ಲಿಪ್ ಸಡಿಲ. ಬಟ್ಟಲಿನ ತಳದಲ್ಲಿ ಒಂದು ಸಣ್ಣ ಮೂತಿ ಇರುತ್ತೆ, ಅದಕ್ಕೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ನೆಲದ ಕಡೆ ಬಿಟ್ಟಿರುತ್ತಾರೆ. ಅದರಿಂದ ಬರುತ್ತಿದ್ದರೆ ಅದು ಓವರ್‌ಫ್ಲೋ. ಒಳಗೆ ಪೆಟ್ರೋಲ್ ಮಟ್ಟ ಮೀರಿ ಏರುತ್ತಿದೆ ಅಂತ ಅರ್ಥ, ಆಗ ನೀಡಲ್, ಸೀಟ್, ಫ್ಲೋಟ್ ಈ ಮೂವರ ಮೇಲೆ ಅನುಮಾನ.

ಒಳಗಿನ ಕೆಲಸ ಕಕ್ಕಸಿನ ಫ್ಲಷ್ ಟ್ಯಾಂಕ್ ಇದೆಯಲ್ಲ, ಅದೇ. ತೇಲುವ ಉಂಡೆ, ಅಂದರೆ ಫ್ಲೋಟ್, ಮೇಲೆ ಬಂದರೆ ನಲ್ಲಿ ಮುಚ್ಚಿಕೊಳ್ಳುತ್ತೆ, ಕೆಳಗಿಳಿದರೆ ತೆರೆಯುತ್ತೆ. ಇಲ್ಲಿ ನಲ್ಲಿಯ ಬದಲು ಚೂಪು ತುದಿಯ ಒಂದು ಸಣ್ಣ ನೀಡಲ್, ಅದು ಹೋಗಿ ಕೂರುವ ತೂತಿಗೆ ಸೀಟ್ ಅಂತಾರೆ. ಇಷ್ಟೇ. ಭಯ ಪಡುವಂಥದ್ದು ಏನೂ ಇಲ್ಲ.

ಇನ್ನೊಂದು, ಇದನ್ನು ಇವತ್ತೇ ಮಾಡಿ. ಡಿಪ್‌ಸ್ಟಿಕ್ ತೆಗೆದು ಇಂಜಿನ್ ಆಯಿಲ್ ಮೂಸಿ ನೋಡಿ. ಓವರ್‌ಫ್ಲೋ ದಾರಿ ಕಟ್ಟಿಕೊಂಡಿದ್ದರೆ ಪೆಟ್ರೋಲ್ ಹೊರಗೆ ಬರೋ ಬದಲು ಇಂಜಿನ್ ಒಳಗೆ ಇಳಿಯುತ್ತೆ, ಸಿಲಿಂಡರ್ ದಾಟಿ ಆಯಿಲಿಗೆ ಸೇರುತ್ತೆ. ಆಯಿಲ್ ಮಟ್ಟ ಗೆರೆಗಿಂತ ಮೇಲೆ ಬಂದಿದ್ದರೆ, ನೀರಾಗಿದ್ದರೆ, ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ. ಅಂಥ ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್ ಉಳಿಯಲ್ಲ. ಸಿಲಿಂಡರ್ ತುಂಬಾ ಪೆಟ್ರೋಲ್ ನಿಂತಿದ್ದರೆ ಇನ್ನೂ ಕಷ್ಟ, ದ್ರವವನ್ನು ಪಿಸ್ಟನ್ ಒತ್ತೋಕೆ ಆಗಲ್ಲ, ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ.

ಕೆಲಸ ಮಾಡೋ ಜಾಗ ಬಯಲಾಗಿರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮೇಲೆ ಹೋಗಿ ಕರಗಲ್ಲ, ನೆಲದಲ್ಲೇ ಹರಿದು ದೂರದ ಕಿಡಿ ಹುಡುಕಿಕೊಂಡು ಹೋಗುತ್ತೆ. ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡೋ ಪದಾರ್ಥ ಅದು. ಬ್ಯಾಟರಿ ನೆಗೆಟಿವ್ ಬಿಚ್ಚಿಡಿ. ಬೀಡಿ ಸಿಗರೇಟಿನ ಗೆಳೆಯರನ್ನು ಅವತ್ತು ಕರೀಬೇಡಿ.

ಬಿಚ್ಚುವಾಗ ಫೋನಿನಲ್ಲಿ ಹೆಜ್ಜೆ ಹೆಜ್ಜೆಗೂ ಫೋಟೋ ತೆಗೀರಿ, ಯಾವ ಪೈಪ್ ಎಲ್ಲಿಗೆ ಅಂತ. ಬಟ್ಟಲಿನ ಸ್ಕ್ರೂ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇದೆಯಾ ನೋಡಿ. ಇದ್ದರೆ ಅದು ಜಪಾನಿ ಮಾದರಿ, ಜೆಐಎಸ್ ಅಂತಾರೆ. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಅದರ ತಳಕ್ಕೆ ಸರಿಯಾಗಿ ಕೂರಲ್ಲ, ಜಾರಿ ತಲೆ ಬೋಳು ಮಾಡಿಬಿಡುತ್ತೆ. ಜೆಐಎಸ್ ಡ್ರೈವರ್ ಇಲ್ಲದಿದ್ದರೆ ಸರಿಯಾಗಿ ಕೂರುವ ಅಳತೆ ಹುಡುಕಿ, ಪೂರ್ತಿ ಭಾರ ಹಾಕಿ ಒತ್ತಿ ತಿರುಗಿಸಿ. ಹಿಡಿಯ ಮೇಲೆ ಒಂದು ಏಟು ಹಾಕಿ ತಿರುಗಿಸಿದರೆ ಎಷ್ಟೋ ಸಲ ಸಲೀಸಾಗಿ ಬಿಡುತ್ತೆ.

ಕೆಸರುಗಾಲಿ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಫ್ಲಷ್ ಟ್ಯಾಂಕ್ ಅಂದ ತಕ್ಷಣ ಅರ್ಧ ಭಯ ಹೋಯಿತು.

ತಟ್ಟಿ ನೋಡಿದೆ. ಏನೂ ವ್ಯತ್ಯಾಸ ಇಲ್ಲ, ತೊಟ್ಟಿನ ತಾಳ ಕೂಡ ತಪ್ಪಲಿಲ್ಲ. ಆಯಿಲ್ ಮೂಸಿದೆ, ಮಾಮೂಲಿ ವಾಸನೆ, ಮಟ್ಟವೂ ಸರಿ ಇದೆ. ಟಿಶ್ಯೂ ಸುತ್ತಿ ನೋಡಿದರೆ ಬಟ್ಟಲಿನ ಸುತ್ತ ಒಣಗಿಯೇ ಇತ್ತು, ಬರ್ತಾ ಇರೋದು ನೀವು ಹೇಳಿದ ತಳದ ಮೂತಿಯಿಂದಲೇ. ಹಾಗಾದರೆ ಓವರ್‌ಫ್ಲೋ ಅಂತ ಆಯಿತಲ್ವಾ. ಧೈರ್ಯ ಮಾಡಿ ಬಿಚ್ಚಿದೆ.

ಒಳಗೆ ನೋಡಬೇಕಿತ್ತು ನೀವು. ಬಟ್ಟಲಿನ ಗೋಡೆಗೆಲ್ಲ ಕಂದು ಬಣ್ಣದ ಅಂಟು, ಬೆಲ್ಲದ ಪಾಕ ಪಾತ್ರೆಯಲ್ಲಿ ಹಿಡಿದು ಒಣಗಿದ ಹಾಗೆ. ತಳದಲ್ಲಿ ಬಿಳೀ ಪುಡಿ, ಉಗುರಲ್ಲಿ ಕೆರೆದರೆ ಏಳುತ್ತೆ. ಹಿತ್ತಾಳೆಯ ಜೆಟ್ (ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ತುಂಡು) ಒಂದಕ್ಕೆ ಹಸಿರು ಹಿಡಿದಿದೆ. ಫ್ಲೋಟಿನ ಪಿನ್ ಎಳೆದು ಫ್ಲೋಟ್ ತೆಗೆದೆ, ಅದರ ಜೊತೆ ನೀಡಲ್ ಕೂಡ ಬಂತು. ನೀಡಲ್ ತುದಿ ಕಪ್ಪು ರಬ್ಬರಿನದ್ದು. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ತುದಿಯ ಸುತ್ತ ಉಂಗುರದ ಹಾಗೆ ಒಂದು ಗೆರೆ ಬಿದ್ದಿದೆ. ಇದೇ ಕಳ್ಳ ಅಲ್ವಾ? ಫ್ಲೋಟ್ ಕಿವಿ ಹತ್ತಿರ ಅಲುಗಾಡಿಸಿದೆ, ಒಳಗೆ ಏನೂ ಶಬ್ದ ಇಲ್ಲ. ಬಿಸಿನೀರಲ್ಲಿ ಮುಳುಗಿಸಿ ಹಿಡಿದೆ, ಗುಳ್ಳೆ ಬರಲಿಲ್ಲ.

ಈಗ ಎರಡು ಪ್ರಶ್ನೆ. ಈ ಅಂಟು ಹೇಗೆ ತೆಗೆಯೋದು? ಜೆಟ್ಟಿನ ತೂತು ಒಂದು ಪೂರ್ತಿ ಕಟ್ಟಿದೆ, ಬೆಳಕು ಕಾಣಿಸ್ತಿಲ್ಲ, ತಂತಿ ಹಾಕಿ ಚುಚ್ಚಬಹುದಾ?

ಸ್ಲೋ ಜೆಟ್:

ತಂತಿ ಹಾಕಬೇಡಿ!! ನಾನು ಈ ತಪ್ಪು ಮಾಡಿ ಒಂದು ಜೆಟ್ ಹಾಳು ಮಾಡಿಕೊಂಡವನು. ಆ ಸಣ್ಣ ಜೆಟ್ ಇದೆಯಲ್ಲ, ಪೈಲಟ್ ಜೆಟ್ ಅಥವಾ ಸ್ಲೋ ಜೆಟ್, ಅದರ ತೂತು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಕೇಹಿನ್ ಕಂಪನಿಯ ಜೆಟ್ಟಿನ ಮೇಲೆ 38 ಅಂತ ಬರೆದಿದ್ದರೆ ತೂತು 0.38 ಮಿ.ಮೀ. ಹಿತ್ತಾಳೆ ಮೆದು, ಸ್ಟೀಲ್ ತಂತಿ ಗಟ್ಟಿ. ಒಂದು ಸಲ ಗೀರಿದರೆ ತೂತಿನ ಆಕಾರ ಬದಲಾಗುತ್ತೆ, ಆಮೇಲೆ ಗಾಡಿ ಐಡಲಿಂಗಿಗೆ ಕೂರಲ್ಲ, ನೀವು ಸ್ಕ್ರೂ ತಿರುಗಿಸುತ್ತಾ ಕೂರ್ತೀರಿ. ಕಾರ್ಬ್ ಕ್ಲೀನರ್ ಹೊಡೆದು ಒಂದು ರಾತ್ರಿ ನೆನೆಯಲು ಬಿಡಿ, ಬೆಳಿಗ್ಗೆ ಕಂಪ್ರೆಸರ್ ಗಾಳಿ ಊದಿ. ಆಗಲೂ ಬಿಡದಿದ್ದರೆ ಪ್ಲಾಸ್ಟಿಕ್ ಬ್ರಷ್ಷಿನ ಒಂದೇ ಒಂದು ಎಳೆ ಕಿತ್ತು ತೂರಿಸಿ. ಅದಕ್ಕೂ ಬಗ್ಗದಿದ್ದರೆ ಹೊಸ ಜೆಟ್ ಹಾಕಿ, ದೊಡ್ಡ ವಿಷಯ ಏನಲ್ಲ.

ಕ್ಲೀನರ್ ಹೊಡೆಯೋ ಮುಂಚೆ ರಬ್ಬರಿನದ್ದೆಲ್ಲ ತೆಗೆದಿಡಿ. ಓ ರಿಂಗ್, ಗ್ಯಾಸ್ಕೆಟ್, ನೀಡಲ್, ಡಯಾಫ್ರಂ ಇರೋ ಕಾರ್ಬೊರೇಟರ್ ಆದರೆ ಅದನ್ನೂ. ಕ್ಲೀನರ್ ತಗುಲಿದರೆ ಊದಿಕೊಂಡು ತನ್ನ ಜಾಗದಲ್ಲಿ ಕೂರೋದೇ ಇಲ್ಲ. ಬಟ್ಟಲಿನ ಗ್ಯಾಸ್ಕೆಟ್ ಪೆಟ್ರೋಲಿಗೇ ಊದಿದ್ದರೆ ಎಸೀಬೇಡಿ, ಒಂದು ರಾತ್ರಿ ಗಾಳಿಗೆ ಬಿಟ್ಟರೆ ಎಷ್ಟೋ ಸಲ ಮತ್ತೆ ಅಳತೆಗೆ ಬರುತ್ತೆ. ಮತ್ತೆ ಕನ್ನಡಕ ಹಾಕಿಕೊಳ್ಳಿ. ಒಂದು ತೂತಿಗೆ ಹೊಡೆದ ಸ್ಪ್ರೇ ಇನ್ನೊಂದು ತೂತಿನಿಂದ ನೇರವಾಗಿ ಕಣ್ಣಿಗೇ ಬರುತ್ತೆ, ಅದೇನು ಗುರಿಯೋ.

ಮಿಕ್ಸ್ಚರ್ ಸ್ಕ್ರೂ, ಅಂದ್ರೆ ಗಾಳಿ ಪೆಟ್ರೋಲ್ ಮಿಶ್ರಣ ಹೊಂದಿಸೋ ಸ್ಕ್ರೂ, ತೆಗೆಯೋ ಮುಂಚೆ ಮೆಲ್ಲಗೆ ಒಳಗೆ ತಿರುಗಿಸಿ, ತಳ ತಾಗುವವರೆಗೆ ಎಷ್ಟು ಸುತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಬಿಗಿ ಮಾಡಬೇಡಿ, ತುದಿ ಮುರಿಯುತ್ತೆ. ಅದರ ಹಿಂದೆ ಸ್ಪ್ರಿಂಗ್, ವಾಷರ್, ಸಾಸಿವೆ ಕಾಳಿನಷ್ಟು ಓ ರಿಂಗ್ ಬರುತ್ತೆ. ಆ ಓ ರಿಂಗ್ ಬಿದ್ದರೆ ಸಿಗಲ್ಲ, ಕೆಳಗೆ ಬಿಳೀ ಬಟ್ಟೆ ಹಾಸಿಕೊಳ್ಳಿ.

ಆ ಬಿಳೀ ಪುಡಿ ನೀರಿನ ಕೆಲಸ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. 10 ಶೇಕಡಾ ಎಥನಾಲ್ ಇರೋದಾದರೆ ಸುಮಾರು ಅರ್ಧ ಶೇಕಡಾ ನೀರಿನವರೆಗೆ ತಡ್ಕೊಳ್ಳುತ್ತೆ, ಅದಕ್ಕಿಂತ ಜಾಸ್ತಿಯಾದರೆ ನೀರು ಎಥನಾಲನ್ನೂ ಕರಕೊಂಡು ತಳಕ್ಕೆ ಇಳಿಯುತ್ತೆ. ತಳದಲ್ಲೇ ಜೆಟ್ ಇರೋದು, ತಳದಲ್ಲೇ ಅಲ್ಯೂಮಿನಿಯಂ ತಿನ್ನೋದು.

ಹಳೇ ಸ್ಪ್ಯಾನರ್:

ಉಂಗುರ ಬಿದ್ದ ನೀಡಲ್ ಬದಲಿಸಿ, ಅನುಮಾನ ಬೇಡ. ಹೊಸದು ಹಾಕೋ ಮುಂಚೆ ಸೀಟ್ ನೋಡಿ. ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಚೂರು ಮೆಟಲ್ ಪಾಲಿಶ್ ಹಚ್ಚಿ ಸೀಟಿನೊಳಗೆ ಬೆರಳಲ್ಲೇ ಹತ್ತು ಸುತ್ತು ತಿರುಗಿಸಿ, ಆಮೇಲೆ ಚೆನ್ನಾಗಿ ತೊಳೆದು ಗಾಳಿ ಊದಿ. ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸೋ ವೀರರಿದ್ದಾರೆ, ಅವರ ಹಾದಿ ಬೇಡ.

ಜೋಡಿಸಿದ ಮೇಲೆ ಬಟ್ಟಲು ಹಾಕೋ ಮುಂಚೆ ಕಾರ್ಬೊರೇಟರ್ ತಲೆಕೆಳಗೆ ಹಿಡಿದು, ಪೆಟ್ರೋಲ್ ಬರುವ ಮೂತಿಗೆ ಶುದ್ಧವಾದ ಒಂದು ಪೈಪ್ ಸಿಕ್ಕಿಸಿ ಬಾಯಲ್ಲಿ ಊದಿ. ಫ್ಲೋಟಿನ ಭಾರಕ್ಕೇ ನೀಡಲ್ ಮುಚ್ಚಿರುತ್ತೆ, ಗಾಳಿ ಹೋಗಬಾರದು. ನೆಟ್ಟಗೆ ತಿರುಗಿಸಿದರೆ ಸರಾಗ ಹೋಗಬೇಕು. ಫ್ಲೋಟ್ ಎತ್ತರ ಅಳೆಯುವಾಗ ಕಾರ್ಬೊರೇಟರ್ ಓರೆ ಹಿಡಿಯಿರಿ, ನೀಡಲ್ ಹಿಂದಿನ ಸ್ಪ್ರಿಂಗ್ ಪಿನ್ನಿಗೆ ಫ್ಲೋಟ್ ಬರೀ ತಾಗಬೇಕು, ಒತ್ತಬಾರದು. ಒತ್ತಿದ ಅಳತೆ ತಪ್ಪು ಅಳತೆ. ಎಷ್ಟು ಮಿಲಿಮೀಟರ್ ಅನ್ನೋದು ನಿಮ್ಮ ಗಾಡಿಯ ಮ್ಯಾನುವಲ್‌ನಲ್ಲಿ ಇರುತ್ತೆ, ಇಲ್ಲಿ ಯಾರಾದರೂ ಅಂದಾಜಿನ ಮೇಲೆ ಹೇಳಿದರೆ ನಂಬಬೇಡಿ.

ಕೆಸರುಗಾಲಿ:

ಒಂದು ವಾರ ಆಯಿತು, ಮತ್ತೆ ಬಂದೆ. ಖುಷಿಯ ಸುದ್ದಿ ಅಲ್ಲ.

ಎಲ್ಲಾ ಮಾಡಿದೆ. ನೆನೆಸಿ ತೊಳೆದೆ, ಗಾಳಿ ಊದಿದೆ, ಜೆಟ್ ತೂತಿನಲ್ಲಿ ಈಗ ಬೆಳಕು ಕಾಣುತ್ತೆ. ಹೊಸ ನೀಡಲ್, ಹೊಸ ಗ್ಯಾಸ್ಕೆಟ್, ಪಾಲಿಶ್ ಮಾಡಿದ ಸೀಟ್. ಊದಿ ನೋಡಿದೆ, ತಲೆಕೆಳಗೆ ಹಿಡಿದಾಗ ಗಾಳಿ ಹೋಗಲ್ಲ, ನೆಟ್ಟಗೆ ಹಿಡಿದರೆ ಹೋಗುತ್ತೆ. ಎತ್ತರ ಮ್ಯಾನುವಲ್ ಹೇಳಿದಷ್ಟೇ. ಬೀಗಿಕೊಂಡು ಗಾಡಿಗೆ ಕೂರಿಸಿ ಕಾಕ್ ತೆರೆದೆ. ಮಗ ಪಕ್ಕದಲ್ಲೇ ನಿಂತಿದ್ದ, ಅವನೇ ಮೊದಲು ಹೇಳಿದ್ದು, "ಅಪ್ಪಾ ಬೀಳ್ತಾ ಇದೆ" ಅಂತ.

ಅದೇ ಮೂತಿ, ಅದೇ ತೊಟ್ಟು, ಅದೇ ತಾಳ. ಕಾಕ್ ಮುಚ್ಚಿದರೆ ಅದೇ ನಾಲ್ಕೈದು ನಿಮಿಷ. ಮತ್ತೆ ಬಿಚ್ಚಿ ಮತ್ತೆ ಜೋಡಿಸಿದೆ, ಮತ್ತೆ ಅಷ್ಟೇ. ಹೊಸ ನೀಡಲ್ ಕೂಡ ಕೆಟ್ಟದ್ದಾ?

ಅರೆಮೆಕ್ಯಾನಿಕ್:

ಕಿಟ್ಟಿನ ನೀಡಲ್ ಅಳತೆ ಸ್ವಲ್ಪ ಆಚೀಚೆ ಇರುತ್ತೆ ಗುರು, ಹಳೇದರ ಪಕ್ಕ ಇಟ್ಟು ಉದ್ದ ನೋಡಿದ್ರಾ? ಇಲ್ಲಾ ಹೊಸ ಕಾರ್ಬೊರೇಟರೇ ಹಾಕಿಬಿಡಿ, ಈ ತಲೆನೋವು ಯಾಕೆ.

ಹಳೇ ಸ್ಪ್ಯಾನರ್:

ತಾಳಿ ತಾಳಿ. ಹೊಸದು ಹಾಕೋದು ಇದ್ದೇ ಇದೆ. ತಪ್ಪು ನನ್ನದು, ನಿಮ್ಮ ಮೊದಲ ಪೋಸ್ಟಿನಲ್ಲೇ ಉತ್ತರ ಇತ್ತು, ನಾನು ಓದಿಯೂ ಓದಲಿಲ್ಲ. "ಕಾಕ್ ಮುಚ್ಚಿದ ಮೇಲೂ ನಾಲ್ಕೈದು ನಿಮಿಷ" ಅಂದಿದ್ದಿರಿ. ನೀಡಲ್ ಸೋರಿಕೆ ಆಗಿದ್ದರೆ ಕಾಕ್ ಮುಚ್ಚಿದ ಸ್ವಲ್ಪ ಹೊತ್ತಿಗೆ ನಿಲ್ಲಬೇಕು, ಪೈಪಿನಲ್ಲಿ ಉಳಿದದ್ದು ಬಂದು ಮುಗಿದರೆ ಆಯಿತು. ಬಟ್ಟಲಿನ ಮಟ್ಟ ಓವರ್‌ಫ್ಲೋ ಕೊಳವೆಯ ತುದಿಗಿಂತ ಕೂದಲೆಳೆಯಷ್ಟು ಕೆಳಗೆ ಬಂದರೂ ಸಾಕು, ಮತ್ತೆ ಹೊರಗೆ ಹೋಗೋಕೆ ದಾರಿ ಇರಲ್ಲ. ನಿಮ್ಮದು ಐದು ನಿಮಿಷ ಬರ್ತಾ ಇದೆ ಅಂದರೆ ಬಟ್ಟಲೇ ಖಾಲಿಯಾಗುತ್ತಿದೆ.

ಬಟ್ಟಲಿನ ನಡುವೆ ಅಥವಾ ಮೂಲೆಯಲ್ಲಿ ಒಂದು ಸಣ್ಣ ಹಿತ್ತಾಳೆ ಕೊಳವೆ ನೆಟ್ಟಗೆ ನಿಂತಿದೆ ನೋಡಿ. ಮಟ್ಟ ಮೀರಿದ ಪೆಟ್ರೋಲ್ ಅದರ ತಲೆಯ ಮೂಲಕ ಇಳಿದು ತಳದ ಮೂತಿಗೆ ಬರುತ್ತೆ. ಆ ಕೊಳವೆ ಬಿರುಕು ಬಿಟ್ಟಿದ್ದರೆ ಮಟ್ಟ ಸರಿ ಇದ್ದರೂ ಸೋರುತ್ತೆ. ಪಾಪ ನೀಡಲ್ ತನ್ನ ಕೆಲಸ ಸರಿಯಾಗೇ ಮಾಡ್ತಾ ಇರುತ್ತೆ.

ನಂಬೋ ಮುಂಚೆ ಪರೀಕ್ಷೆ ಮಾಡಿ. ಪಾರದರ್ಶಕ ಪೈಪ್ ಒಂದಡಿ ತಗೊಳ್ಳಿ, ತಳದ ಮೂತಿಗೆ ಸಿಕ್ಕಿಸಿ, ಇಂಗ್ಲಿಷಿನ ಯು ಆಕಾರದಲ್ಲಿ ಬಗ್ಗಿಸಿ ಕಾರ್ಬೊರೇಟರಿನ ಪಕ್ಕದಲ್ಲೇ ಮೇಲಕ್ಕೆ ಹಿಡಿಯಿರಿ. ಡ್ರೈನ್ ಸ್ಕ್ರೂ, ಅಂದರೆ ಬಟ್ಟಲು ಖಾಲಿ ಮಾಡೋಕೆ ತಳದಲ್ಲಿರೋ ಸ್ಕ್ರೂ, ಬಿಗಿಯಾಗೇ ಇರಲಿ, ಅದು ಸೋರಿದರೂ ಪೆಟ್ರೋಲ್ ಅದೇ ಮೂತಿಯಿಂದ ಬರುತ್ತೆ. ಗಾಡಿ ಸಮತಟ್ಟು ನೆಲದ ಮೇಲಿರಲಿ. ಈಗ ಕಾಕ್ ತೆರೆಯಿರಿ. ಪೈಪಿನಲ್ಲಿ ಪೆಟ್ರೋಲ್ ಏರಿ ಬಟ್ಟಲಿನ ಮೇಲಂಚಿಗಿಂತ ಸ್ವಲ್ಪ ಕೆಳಗೆ ನಿಂತುಬಿಟ್ಟರೆ ಒಳಗಿನ ಮಟ್ಟ ಅಷ್ಟೇ ಇದೆ, ನೀಡಲ್ ಸರಿಯಾಗಿ ಮುಚ್ಚುತ್ತಿದೆ, ಸೋರಿಕೆ ಕೊಳವೆಯದ್ದು ಅಥವಾ ಡ್ರೈನ್ ಸ್ಕ್ರೂವಿನದ್ದು. ಅಂಚು ದಾಟಿ ಏರುತ್ತಲೇ ಹೋದರೆ ತಕ್ಷಣ ಕಾಕ್ ಮುಚ್ಚಿ, ಅದು ನೀಡಲ್.

ಕೊಳವೆಯೋ ಸ್ಕ್ರೂವೋ ಅಂತ ತಿಳಿಯೋಕೆ ಬಟ್ಟಲು ಬಿಚ್ಚಿ ಮೇಜಿನ ಮೇಲೆ ಇಟ್ಟು ಕೊಳವೆಯ ತಲೆಗಿಂತ ಕೆಳಗೆ ಪೆಟ್ರೋಲ್ ಸುರಿದು ಕಾಯಿರಿ. ಪೂರ್ತಿ ಖಾಲಿಯಾದರೆ ಸ್ಕ್ರೂ, ಅಥವಾ ಕೊಳವೆಯ ಬುಡವೇ ಬಿಟ್ಟಿದೆ. ಒಂದು ಎತ್ತರಕ್ಕೆ ಇಳಿದು ನಿಂತರೆ ಆ ಎತ್ತರದಲ್ಲೇ ಬಿರುಕಿನ ಕೆಳತುದಿ ಇದೆ.

ಕೆಸರುಗಾಲಿ:

ಸಿಕ್ಕಿತು!!!

ಪೈಪ್ ಪರೀಕ್ಷೆಯಲ್ಲಿ ಪೆಟ್ರೋಲ್ ಏರಿ ಬಟ್ಟಲಿನ ಅಂಚಿಗಿಂತ ಸುಮಾರು 4 ಮಿ.ಮೀ. ಕೆಳಗೆ ನಿಂತಿತು. ಹತ್ತು ನಿಮಿಷ ನೋಡಿದೆ, ಅಲುಗಲಿಲ್ಲ. ಅಂದರೆ ನೀಡಲ್ ಮೊದಲ ದಿನದಿಂದಲೂ ನಿರಪರಾಧಿ ಇರಬಹುದು, ಉಂಗುರ ಇದ್ದರೂ.

ಆಮೇಲೆ ಬಟ್ಟಲು ಬಿಚ್ಚಿ ಎರಡು ಮರದ ತುಂಡಿನ ಮೇಲೆ ಇಟ್ಟೆ, ಮೂತಿಯ ಕೆಳಗೆ ಬಿಳೀ ಪೇಪರ್. ಪೆಟ್ರೋಲ್ ಸುರಿದೆ. ತೊಟ್ಟು ಶುರುವಾಯಿತು. ಮಟ್ಟ ಇಳಿಯುತ್ತಾ ಇಳಿಯುತ್ತಾ ಸುಮಾರು ಮೂರನೇ ಒಂದು ಭಾಗ ಉಳಿದಾಗ ನಿಂತುಹೋಯಿತು. ಕೊಳವೆ ಒಣಗಿಸಿ ಟಾರ್ಚ್ ಹಾಕಿ ನೋಡಿದರೆ ಬರಿಗಣ್ಣಿಗೆ ಏನೂ ಇಲ್ಲ. ಭೂತಗನ್ನಡಿಯಲ್ಲೂ ಇಲ್ಲ. ಮೂತಿ ಬೆರಳಲ್ಲಿ ಮುಚ್ಚಿ, ಕೊಳವೆಯ ತಲೆಗೆ ಪೈಪ್ ಸಿಕ್ಕಿಸಿ, ಮೇಲೆ ಸೋಪು ನೀರು ಹಚ್ಚಿ ಮೆಲ್ಲಗೆ ಊದಿದೆ. ಕೊಳವೆಯ ಹಿಂಭಾಗದಲ್ಲಿ, ಬಟ್ಟಲಿನ ಗೋಡೆಗೆ ಮುಖ ಮಾಡಿರೋ ಕಡೆ, ಸಾಸಿವೆಯಂಥ ಗುಳ್ಳೆಗಳು ಒಂದರ ಮೇಲೊಂದು ಸಾಲಾಗಿ ಎದ್ದವು. ಉದ್ದಕ್ಕೆ ಸೀಳಿದೆ. ಕೂದಲಿಗಿಂತ ತೆಳು. ಮಗ ಮತ್ತೆ ಮತ್ತೆ ಊದು ಅಂತ ಹಠ.

ಇದು ಯಾಕೆ ಬಿರಿಯುತ್ತೆ? ಬಟ್ಟಲು ಬದಲಿಸಬೇಕಾ? ನನ್ನ ಮಾಡೆಲ್ಲಿಗೆ ಬಟ್ಟಲು ಮಾತ್ರ ಬಿಡಿಯಾಗಿ ಸಿಗ್ತಾ ಇಲ್ಲ.

ಅರೆಮೆಕ್ಯಾನಿಕ್:

ಭಲೇ. ಸರಿ, ಮೂತಿಗೆ ಒಂದು ರಬ್ಬರ್ ಬಿರಡೆ ಜಡಿದುಬಿಡಿ, ಸೋರಿಕೆ ಖತಂ.

ಹಳೇ ಸ್ಪ್ಯಾನರ್:

ಬೇಡ!! ಮೂತಿ ಮುಚ್ಚಿದರೆ ಸೋರಿಕೆ ಕಾಣಲ್ಲ ಅಷ್ಟೇ. ಮುಂದೆ ಯಾವತ್ತೋ ನಿಜವಾಗಿ ನೀಡಲ್ ಕೆಳಗೆ ಕಸ ಕೂತ ದಿನ ಪೆಟ್ರೋಲಿಗೆ ಹೊರಗೆ ಹೋಗೋಕೆ ದಾರಿ ಇರಲ್ಲ, ಸೀದಾ ಇಂಜಿನ್ನಿಗೆ. ಆ ಕೊಳವೆ ಇರೋದೇ ಅದಕ್ಕೆ.

ಯಾಕೆ ಬಿರಿಯುತ್ತೆ ಅಂದರೆ, ಅದು ಒತ್ತಿ ಕೂರಿಸಿದ ತೆಳು ಹಿತ್ತಾಳೆ. ಒಳಗೇ ಬಿಗಿತ ಇರುತ್ತೆ, ಮೇಲೆ ವರ್ಷಗಟ್ಟಲೆ ಕುಲುಕಾಟ. ತಳದ ನೀರು ಚಳಿಗೆ ಹೆಪ್ಪುಗಟ್ಟಿದರೂ ಸೀಳುತ್ತೆ. ಹಳೇ ಗಾಡಿಗಳಲ್ಲಿ ಇದು ನಾನು ಕಂಡ ಮೊದಲನೆಯದೇನಲ್ಲ, ಅದಕ್ಕೇ ನಾಚಿಕೆ ಜಾಸ್ತಿ.

ಬಿರುಕು ಬುಡದಲ್ಲಿ ಇಲ್ಲ, ಕೊಳವೆಯ ಮೈಮೇಲಿದೆ, ಅದು ನಿಮ್ಮ ಪುಣ್ಯ. ಬೆಸುಗೆ ಹಾಕಬಹುದು. ಬುಡದಲ್ಲಿ ಆಗಿದ್ದರೆ ಬಟ್ಟಲಿನ ಲೋಹಕ್ಕೆ ಮಾಮೂಲಿ ಬೆಸುಗೆ ಹಿಡಿಯಲ್ಲ, ಪೆಟ್ರೋಲ್ ತಡೆಯುವ ಎಪಾಕ್ಸಿ ಅಂಟು ಹಚ್ಚಬೇಕಿತ್ತು. ಬಟ್ಟಲನ್ನು ಸೋಪು ಹಾಕಿ ತೊಳೆದು, ಒಂದು ದಿನ ಬಿಸಿಲಿಗೆ ಇಟ್ಟು, ಮೂಸಿ ನೋಡಿ, ಪೆಟ್ರೋಲ್ ವಾಸನೆ ಚೂರೂ ಇರಬಾರದು. ಇದ್ದರೆ ಇನ್ನೊಂದು ದಿನ ಇಡಿ. ಸಣ್ಣ ಮರಳು ಕಾಗದದಿಂದ ಹಿತ್ತಾಳೆ ಹೊಳೆಯುವವರೆಗೆ ಉಜ್ಜಿ, ಫ್ಲಕ್ಸ್ (ಬೆಸುಗೆ ಹಿಡಿಯೋಕೆ ಹಚ್ಚುವ ಪೇಸ್ಟ್) ಹಚ್ಚಿ, ಎಲೆಕ್ಟ್ರಿಕ್ ಸೋಲ್ಡರಿಂಗ್ ಐರನ್ನಿಂದ ಮಾತ್ರ ಮಾಡಿ. ಬೆಂಕಿಯ ಟಾರ್ಚ್ ಹಿಡಿದರೆ ಬಟ್ಟಲೇ ಕುಸಿಯುತ್ತೆ. ಸೀಸ ತೆಳುವಾಗಿ ಹರಿದರೆ ಸಾಕು. ಕೊಳವೆಯ ತಲೆ ಮುಚ್ಚಬಾರದು, ಎತ್ತರ ಬದಲಾಗಬಾರದು, ಉಬ್ಬು ಫ್ಲೋಟಿಗೆ ತಾಗಬಾರದು.

ಸ್ಲೋ ಜೆಟ್:

ಬೆಸುಗೆ ಆದ ಮೇಲೆ ಫ್ಲಕ್ಸ್ ಪೂರ್ತಿ ತೊಳೀರಿ, ಉಳಿದರೆ ಹಿತ್ತಾಳೆ ತಿನ್ನುತ್ತೆ. ಹಾಗೇ ಟ್ಯಾಂಕಿನಿಂದ ಬರುವ ಪೈಪಿನ ನಡುವೆ ಒಂದು ಸಣ್ಣ ಫಿಲ್ಟರ್ ಹಾಕಿ. ಮುಂದಿನ ಸಲ ನಿಲ್ಲಿಸುವಾಗ ಕಾಕ್ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೂ ಡ್ರೈನ್ ಸ್ಕ್ರೂ ತೆರೆಯಿರಿ. ಇಂಜಿನ್ ನಿಂತರೂ ತಳದಲ್ಲಿ ಎರಡು ಚಮಚ ಉಳಿದೇ ಇರುತ್ತೆ, ಆ ಎರಡು ಚಮಚವೇ ಪಾಕ ಆಗೋದು.

ಕೆಸರುಗಾಲಿ:

ಆಯಿತು. ಬೆಸುಗೆ ಚಂದ ಬಂದಿಲ್ಲ, ಕೊಳವೆಗೆ ಗಂಟಲು ಊದಿದ ಹಾಗೆ ಒಂದು ಕಡೆ ದಪ್ಪಗಿದೆ. ಅರದಿಂದ ಉಜ್ಜಿ ಸರಿ ಮಾಡಿದೆ, ಫ್ಲೋಟ್ ತಾಗಲ್ಲ. ಮೇಜಿನ ಮೇಲೆ ಪೆಟ್ರೋಲ್ ತುಂಬಿಸಿ ಇಟ್ಟು ಊಟ ಮುಗಿಸಿ ಬಂದೆ, ಕೆಳಗಿನ ಪೇಪರ್ ಒಣಗಿಯೇ ಇತ್ತು. ಗಾಡಿಗೆ ಕೂರಿಸಿ ಕಾಕ್ ತೆರೆದು ಅರ್ಧ ಗಂಟೆ ಮಗನೂ ನಾನೂ ನೆಲದಲ್ಲಿ ಕೂತು ಮೂತಿಯನ್ನೇ ನೋಡಿದೆವು. ಒಂದು ತೊಟ್ಟೂ ಇಲ್ಲ.

ಚೋಕ್ ಎಳೆದು ಮೂರನೇ ಸೆಲ್ಫಿಗೆ ಹಿಡಿಯಿತು. ಮೊದಲು ಬಿಳೀ ಹೊಗೆ ಕೆಮ್ಮಿತು, ಆಮೇಲೆ ಐಡಲಿಂಗಿಗೆ ಕೂತಿತು. ಬರೆದಿಟ್ಟ ಒಂದೂವರೆ ಸುತ್ತಿಗೇ ಮಿಕ್ಸ್ಚರ್ ಸರಿಯಾಗಿದೆ, ಮುಟ್ಟಲಿಲ್ಲ.

ಒಂದೇ ಸಮಸ್ಯೆ. ಎಲ್ಲಾ ಜೋಡಿಸಿದ ಮೇಲೆ ಮೇಜಿನ ಮೇಲೆ ಒಂದು ಸಣ್ಣ ವಾಷರ್ ಉಳಿದಿದೆ. ಫೋಟೋ ಎಲ್ಲಾ ನೋಡಿದೆ, ಯಾವುದರಲ್ಲೂ ಕಾಣಿಸ್ತಿಲ್ಲ. ಸುಮಾರು 4 ಮಿ.ಮೀ. ಅಗಲ, ಮಧ್ಯೆ ತೂತು. ಏನಿದು?

ಸ್ಲೋ ಜೆಟ್:

ಮಿಕ್ಸ್ಚರ್ ಸ್ಕ್ರೂ ವಾಷರ್. ಸ್ಪ್ರಿಂಗಿಗೂ ಓ ರಿಂಗಿಗೂ ನಡುವೆ ಬರಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಓ ರಿಂಗನ್ನು ಕೊರೆದು ಹಾಕುತ್ತೆ. ಅದೊಂದು ಸ್ಕ್ರೂ ಮಾತ್ರ ತೆಗೆದು ಹಾಕಿ, ಕಾರ್ಬೊರೇಟರ್ ಇಳಿಸೋದು ಬೇಡ. ಬಿಳೀ ಬಟ್ಟೆ ಮರೀಬೇಡಿ.